ದತ್ತಿಯೂ ಅನುದಾನವೂ: ಉನ್ನತ ವಿದ್ಯೆ ಮತ್ತು ರಾಜ್ಯದ ಬೊಕ್ಕಸ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದ ನಾಗಾವಿಗೆ ಹೋದವರು ಸಾಮಾನ್ಯವಾಗಿ ಯಲ್ಲಮ್ಮನ ದರ್ಶನ ಮುಗಿಸಿ, ಅರವತ್ತು ಕಂಬದ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು ಹಿಂದಿರುಗುತ್ತಾರೆ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಅದೊಂದು ದೊಡ್ಡ ಘಟಿಕಾಸ್ಥಾನವಾಗಿತ್ತು. ಒಂದನೆಯ ಸೋಮೇಶ್ವರನ ಆಳ್ವಿಕೆಯ ಕ್ರಿ.ಶ. 1058ರ ಶಾಸನವು ದಂಡನಾಯಕ ಮಧುಸೂದನನು ಅಲ್ಲಿ ಏರ್ಪಡಿಸಿದ ವಿದ್ಯಾವ್ಯವಸ್ಥೆಯನ್ನು ಲೆಕ್ಕಪತ್ರದಷ್ಟು ಸ್ಪಷ್ಟವಾಗಿ ವಿವರಿಸುತ್ತದೆ. ವೇದಾಧ್ಯಯನಕ್ಕೆ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ ಸುಮಾರು 50 ಮಂದಿ. ವೇದಕ್ಕೆ ಮೂವರು ಉಪಾಧ್ಯಾಯರು, ಭಾಟ್ಟ, ಪ್ರಾಭಾಕರ ಹಾಗೂ ನ್ಯಾಸ ಎಂಬ ಶಾಸ್ತ್ರವಿಭಾಗಗಳಿಗೆ ಮೂವರು. ಇವರೆಲ್ಲರ ಜೊತೆಗೆ ಆರು ಮಂದಿ ‘ಸರಸ್ವತೀ ಭಾಂಡಾರಿಗರು’. ಪುಸ್ತಕಭಂಡಾರವನ್ನು ಕಾಯುವ, ಇಂದಿನ ಮಾತಿನಲ್ಲಿ ಗ್ರಂಥಪಾಲಕರಾದ ಈ ಆರು ಜನರಿಗೂ ಜೀವನಾಧಾರವಾಗಿ ಭೂಮಿಯನ್ನು ಬಿಡಲಾಗಿತ್ತು.

ಆರು ಜನ ಉಪಾಧ್ಯಾಯರಿಗೆ ಆರು ಜನ ಗ್ರಂಥಪಾಲಕರು! ಈ ಪ್ರಮಾಣವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನಗುತ್ತಾರೆ. ನಗುವಿನ ಕಾರಣವನ್ನು ಲೇಖನದ ಕೊನೆಗೆ ಹೇಳುತ್ತೇನೆ.

ಸರ್ಕಾರಿ ಕಾಲೇಜುಗಳಿಗೂ ವಿಶ್ವವಿದ್ಯಾಲಯಗಳಿಗೂ ರಾಜ್ಯವು ಎಷ್ಟು ಹಣ ಕೊಡಬೇಕು, ಏಕೆ ಕೊಡಬೇಕು ಎಂಬ ಚರ್ಚೆ ಪ್ರತಿವರ್ಷ ಬಜೆಟ್ಟಿನ ಹೊತ್ತಿಗೆ ಎದ್ದು, ಏಪ್ರಿಲ್ ಕಳೆಯುವಷ್ಟರಲ್ಲಿ ಮರೆಯಾಗುತ್ತದೆ. ಆದರೆ ಈ ಪ್ರಶ್ನೆ ನಮ್ಮ ನಾಡಿನಲ್ಲಿ ಬಜೆಟ್ ಎಂಬ ಶಬ್ದ ಬರುವುದಕ್ಕಿಂತ ಬಹು ಹಿಂದೆಯೇ ಇತ್ತು. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ನೋಡಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕ್ರಿ.ಶ. 945ರ ಈ ಶಾಸನವು ಪಾವಿಟ್ಟಗೆ ಎಂಬ ಅಂದಿನ ಹೆಸರಿನ ಆ ಊರಿನಲ್ಲಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯೊಂದನ್ನು ವರ್ಣಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಶಾಲೆಗೆ 500 ನಿವರ್ತನ ಭೂಮಿ, ವಾಸಕ್ಕೆ 27 ಮನೆಗಳು, ದೀಪದೆಣ್ಣೆಗೆಂದೇ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ಇಷ್ಟೇ ಆಗಿದ್ದರೆ ಅದನ್ನು ಧನಿಕನೊಬ್ಬನ ಔದಾರ್ಯವೆಂದು ಸುಮ್ಮನಾಗಬಹುದಿತ್ತು. ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಆ ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಆ ಅರ್ಧದ ಅರ್ಧ ಶಾಲೆಗೆ ಸಲ್ಲಬೇಕು. ಊರಿನ ಪ್ರತಿ ಮನೆಯ ಸಂತೋಷದಲ್ಲಿಯೂ ಶಾಲೆಗೊಂದು ಪಾಲು. ಇಂದಿನ ಶಿಕ್ಷಣ ಸೆಸ್ಸಿಗೆ ಇದಕ್ಕಿಂತ ಹಳೆಯ ಪೂರ್ವಜನನ್ನು ನಾನು ಕನ್ನಡ ನಾಡಿನಲ್ಲಿ ಕಂಡಿಲ್ಲ.

ಬಳ್ಳಿಗಾವೆಯ ಕೋಡಿಯ ಮಠದ ಕ್ರಿ.ಶ. 1162ರ ಶಾಸನವನ್ನೂ ಇಲ್ಲಿ ನೆನೆಯಬೇಕು. ಕಾಳಾಮುಖ ಶೈವರ ಆ ಮಠದಲ್ಲಿ ನಾಲ್ಕು ವೇದಗಳು, ಷಡ್ದರ್ಶನಗಳು, ಕಾವ್ಯನಾಟಕಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಅದು ಹೇಳುತ್ತದೆ. ಶಾಕಟಾಯನ ವ್ಯಾಕರಣವು ಅಮೋಘವರ್ಷನ ಕಾಲದ ಜೈನ ವಿದ್ವಾಂಸ ಪಾಲ್ಯಕೀರ್ತಿಯ ಕೃತಿ. ಶೈವ ಮಠದಲ್ಲಿ ಜೈನ ವ್ಯಾಕರಣದ ಪಾಠ ನಡೆಯುವುದಕ್ಕೆ ಅಂದು ಯಾರೂ ಅಡ್ಡಿ ಹೇಳಿದಂತೆ ತೋರುವುದಿಲ್ಲ. ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ ಅದೇ ಆವರಣದಲ್ಲಿ ದೊರೆಯುತ್ತಿತ್ತು. ವಿದ್ಯೆಗೆ ಕೊಟ್ಟ ದತ್ತಿ ವಿದ್ಯೆಗೆ ಮಾತ್ರವೇ ನಿಲ್ಲುತ್ತಿರಲಿಲ್ಲ.

ಈ ದತ್ತಿಗಳ ಸ್ವರೂಪದಲ್ಲಿ ಒಂದು ಸಂಗತಿ ವಿಶೇಷವಾಗಿ ಗಮನಾರ್ಹ. ಅರಸನೋ ಸಾಮಂತನೋ ಕೊಟ್ಟದ್ದು ಹಣವಲ್ಲ, ಹಣ ಹುಟ್ಟುವ ಮೂಲ. ಭೂಮಿಯನ್ನು ಸರ್ವನಮಸ್ಯವಾಗಿ, ಎಲ್ಲ ತೆರಿಗೆಗಳಿಂದ ಬಿಡಿಸಿ, ಚಂದ್ರಸೂರ್ಯರಿರುವ ತನಕ ಎಂದು ಧಾರೆಯೆರೆದ ಮೇಲೆ ಕೊಟ್ಟವನಿಗೆ ಅದರ ಮೇಲೆ ಹಿಡಿತವಿರಲಿಲ್ಲ. ಮುಂದಿನ ವರ್ಷ ಉಪಾಧ್ಯಾಯರು ಅರಮನೆಯ ಬಾಗಿಲಲ್ಲಿ ನಿಂತು ಮತ್ತೆ ಬೇಡಬೇಕಾಗಿರಲಿಲ್ಲ. ಅಳುಪಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂಬ ಶಾಪಾಶಯ ಬರಿಯ ಅಲಂಕಾರವಲ್ಲ. ಅದು ಮುಂದೆ ಬರುವ ಅರಸರಿಗೆ, ಕೊಟ್ಟವನ ಸ್ವಂತ ಮಕ್ಕಳಿಗೂ, ಹಾಕಿದ ಕಟ್ಟುಪಾಡು. ಆಡಳಿತ ಬದಲಾದಾಗ ಹಿಂದಿನವರ ಯೋಜನೆ ಕೈಬಿಡಲ್ಪಡುತ್ತದೆಂಬ ಅನುಭವ ಹತ್ತನೆಯ ಶತಮಾನದವರಿಗೂ ಇದ್ದಿರಬೇಕು.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವುದಕ್ಕೆ ನನಗೆ ಮನಸ್ಸಿಲ್ಲ. ಘಟಿಕಾಸ್ಥಾನದ, ಅಗ್ರಹಾರದ ಬಾಗಿಲು ಯಾರಿಗೆ ತೆರೆದಿತ್ತೆಂಬುದು ನಮಗೆ ಗೊತ್ತು. ದೀಪದೆಣ್ಣೆಗೆ ಬಿಟ್ಟ 12 ನಿವರ್ತನವನ್ನು ಉತ್ತು ಬಿತ್ತಿದವರ ಮಕ್ಕಳು ಆ ದೀಪದ ಬೆಳಕಿನಲ್ಲಿ ಕುಳಿತು ಓದಿದ ದಾಖಲೆ ಎಲ್ಲಿಯೂ ಇಲ್ಲ. ತೆರಿಗೆ ಎಲ್ಲರದು, ವಿದ್ಯೆ ಕೆಲವರದು. ನಮ್ಮ ಶಾಸನಗಳ ವಿದ್ಯಾದಾನವನ್ನು ವರ್ಣಿಸುವ ಅನೇಕ ಗ್ರಂಥಗಳು ಈ ಮಾತನ್ನು ಅಡಿಟಿಪ್ಪಣಿಗೂ ತರುವುದಿಲ್ಲ.

ದತ್ತಿಯ ಈ ವ್ಯವಸ್ಥೆ ಕುಸಿದದ್ದು ಯಾವಾಗ? ಒಂದೇ ದಿನದಲ್ಲಿ ಅಲ್ಲ. ಆದರೆ ಕುಸಿತವನ್ನು ಅಂಕಿಗಳಲ್ಲಿ ಹಿಡಿದಿಟ್ಟ ದಾಖಲೆಯೊಂದು ನಮ್ಮ ಬಳ್ಳಾರಿಯದೇ ಆಗಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರುಗಳಿಂದ ದೇಶೀಯ ವಿದ್ಯಾಭ್ಯಾಸದ ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದನು. ಇಂದಿನ ಅನಂತಪುರ ಪ್ರದೇಶವೂ ಸೇರಿದ್ದ ಆ ಜಿಲ್ಲೆಯಲ್ಲಿ ಒಟ್ಟು 533 ವಿದ್ಯಾಸಂಸ್ಥೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪರ್ಷಿಯನ್ 21, ಸಂಸ್ಕೃತ 23, ತಮಿಳು 4, ಇಂಗ್ಲಿಷ್ ಒಂದು. ಒಂಬತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯಲ್ಲಿ ಓದುತ್ತಿದ್ದವರು 6,641 ಮಂದಿ. ಬಹುಪಾಲು ಬಾಲಪಾಠಶಾಲೆಗಳೇ ನಿಜ, ಸಂಸ್ಕೃತದ 23ನ್ನು ಮಾತ್ರ ಉನ್ನತ ವಿದ್ಯೆಯ ಸ್ಥಾನಗಳೆನ್ನಬಹುದು. ಕ್ಯಾಂಪ್‌ಬೆಲ್ ತನ್ನ ಸರ್ಕಾರಕ್ಕೆ ಹೇಳಿದ ಕಹಿ ಸತ್ಯ ಬೇರೆಯೇ ಇದೆ. ಈ 533ರಲ್ಲಿ ಒಂದಕ್ಕೂ ರಾಜ್ಯದಿಂದ ಯಾವ ನೆರವೂ ಸಲ್ಲುತ್ತಿಲ್ಲ, ಹಿಂದಿನ ದೊರೆಗಳ ಕಾಲದಲ್ಲಿ ಸಲ್ಲುತ್ತಿತ್ತು, ಹೇಳಲು ನಾಚಿಕೆಯಾಗುತ್ತದೆ ಎಂಬರ್ಥದಲ್ಲಿ ಅವನು ಬರೆದನು. ನಾಡಿನ ನೇಕಾರಿಕೆ ಕುಸಿದು ಜನರ ಕೈಯಲ್ಲಿ ಹಣವಿಲ್ಲದಾಗಿರುವುದನ್ನೂ ಮಕ್ಕಳನ್ನು ಶಾಲೆಯಿಂದ ಬಿಡಿಸುತ್ತಿರುವುದನ್ನೂ ಅವನು ಗುರುತಿಸಿದನು. ವಸಾಹತು ಅಧಿಕಾರಿಯೊಬ್ಬನ ಲೇಖನಿಯಿಂದ ಬಂದದ್ದರಿಂದ ಈ ಮಾತಿಗೆ ಇಮ್ಮಡಿ ತೂಕ.

1854ರ ವುಡ್‌ನ ಆದೇಶಪತ್ರದಿಂದ ‘ಗ್ರ್ಯಾಂಟ್-ಇನ್-ಏಡ್’ ಎಂಬ ಹೊಸ ಪದ್ಧತಿ ಬಂದಿತು. ಕನ್ನಡದಲ್ಲಿ ನಾವು ಅದನ್ನು ಸಹಾಯಾನುದಾನವೆಂದೆವು. ಖಾಸಗಿಯವರು ಸಂಸ್ಥೆ ಕಟ್ಟಲಿ, ವಿದ್ಯಾರ್ಥಿಗಳಿಂದ ಅಲ್ಪವಾದರೂ ಶುಲ್ಕ ಪಡೆಯಲಿ, ಸರ್ಕಾರದ ತಪಾಸಣೆಗೆ ಒಳಪಡಲಿ, ಆಗ ಸರ್ಕಾರ ಒಂದಷ್ಟು ಕೊಡುತ್ತದೆ ಎಂಬುದು ಅದರ ತಿರುಳು. ದತ್ತಿಗೂ ಅನುದಾನಕ್ಕೂ ಇರುವ ಅಂತರ ಇಲ್ಲಿದೆ. ದತ್ತಿಯಲ್ಲಿ ಮೂಲವೇ ಕೈಬದಲಾಗುತ್ತದೆ. ಅನುದಾನದಲ್ಲಿ ಮೂಲ ಕೊಡುವವನಲ್ಲಿಯೇ ಉಳಿದು ವರ್ಷವರ್ಷವೂ ಕಂತು ಬಿಡುಗಡೆಯಾಗುತ್ತದೆ. ‘ಬಿಡುಗಡೆ’ ಎಂಬ ಪದವನ್ನೇ ಗಮನಿಸಿ. ಸೆರೆಯಲ್ಲಿದ್ದದ್ದು ಮಾತ್ರ ಬಿಡುಗಡೆಯಾಗಬಲ್ಲದು. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು: ಅನುದಾನದ ಜೊತೆಗೆ ಲೆಕ್ಕ ಕೇಳುವ ಹಕ್ಕು ಬಂತು, ಆ ಹಕ್ಕಿನ ಬೆನ್ನಿಗೆ, ಬಹಳ ತಡವಾಗಿಯಾದರೂ, ಎಲ್ಲರಿಗೂ ಪ್ರವೇಶ ಕೇಳುವ ಹಕ್ಕೂ ಬಂತು.

1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಲಂಡನ್ ಮಾದರಿಯ ಪರೀಕ್ಷಾ ಮಂಡಳಿಗಳು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಪರೀಕ್ಷಾ ಶುಲ್ಕವೇ ಅವುಗಳ ಜೀವಾಳ. ಈ ಗುಣ ಇಂದಿಗೂ ನಮ್ಮ ವಿಶ್ವವಿದ್ಯಾಲಯಗಳನ್ನು ಬಿಟ್ಟಿಲ್ಲ; ಮುಂದೆ ಅದನ್ನು ಮತ್ತೆ ಪ್ರಸ್ತಾಪಿಸುತ್ತೇನೆ.

ಮೈಸೂರಿನ ಕತೆ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರದು. ಇವೆರಡೂ ಮದರಾಸು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಸಂಸ್ಥಾನದ ಹಣದಲ್ಲಿ ನಡೆಯುವ ಕಾಲೇಜುಗಳಿಗೆ ಪಠ್ಯವನ್ನು ಬೇರೊಂದು ಪ್ರಾಂತ್ಯ ನಿರ್ಧರಿಸುವುದು ವಿಶ್ವೇಶ್ವರಯ್ಯನವರಿಗೆ ಸರಿಕಾಣಲಿಲ್ಲ. ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅವರನ್ನು ವಿದೇಶದ ವಿಶ್ವವಿದ್ಯಾಲಯಗಳ ಅಧ್ಯಯನಕ್ಕೆ ಕಳುಹಿಸಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯವನ್ನು ಆರಂಭಿಸಲಾಯಿತು. ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್. ವಿ. ನಂಜುಂಡಯ್ಯ ಕುಲಪತಿ. ಕಾಲವನ್ನು ಗಮನಿಸಬೇಕು: ಮೊದಲ ಮಹಾಯುದ್ಧ ನಡೆಯುತ್ತಿತ್ತು, ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಬೊಕ್ಕಸವನ್ನು ಹೀರುತ್ತಿತ್ತು. ಹಣವಿಲ್ಲವೆಂದು ಮುಂದೂಡಲು ಅದಕ್ಕಿಂತ ಒಳ್ಳೆಯ ನೆಪ ಯಾವ ಸರ್ಕಾರಕ್ಕೂ ಸಿಕ್ಕಿರಲಾರದು.

ಆದರೆ ಮೈಸೂರು ಸರ್ಕಾರ ವಿದ್ಯೆಗೆ ಸುರಿದ ಹಣದ ಫಲವನ್ನು ಪದವಿಗಳ ಸಂಖ್ಯೆಯಲ್ಲಿ ಮಾತ್ರ ಅಳೆಯಬಾರದು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಹೊರಬಂದದ್ದು ಆ ಬೊಕ್ಕಸದಿಂದ. ಆ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು 1970ರ ದಶಕದಿಂದ ಹೊರತಂದದ್ದು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ. ಮೇಲೆ ಹೇಳಿದ ಬಳ್ಳಿಗಾವೆಯ ಶಾಸನವನ್ನು ಹಳ್ಳಿಯ ಕಾಲೇಜಿನ ಅಧ್ಯಾಪಕನೊಬ್ಬ ತನ್ನ ಮೇಜಿನ ಮೇಲೆ ಓದಬಲ್ಲನಾದರೆ ಅದರ ಹಿಂದೆ ನೂರು ವರ್ಷಗಳ ಸಾರ್ವಜನಿಕ ವೆಚ್ಚವಿದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಸರ್ಕಾರದ ಸಂಬಳದಲ್ಲಿದ್ದ ಒಬ್ಬ ಸರಸ್ವತೀ ಭಾಂಡಾರಿಗ, ಅದೂ ಬೊಕ್ಕಸವನ್ನೇ ರಾಜ್ಯದ ಮೂಲವೆಂದು ಸಾರುವ ಗ್ರಂಥವನ್ನು, ಲೋಕಕ್ಕೆ ಮರಳಿ ಕೊಟ್ಟನು. ಆ ವರ್ಷ ಯಾವ ಲೆಕ್ಕಪರಿಶೋಧಕನಾದರೂ ಗ್ರಂಥಾಲಯದ ಖರ್ಚಿಗೆ ಏನು ಪ್ರತಿಫಲವೆಂದು ಕೇಳಿದ್ದರೆ, ಹಿಂದಿನ ಹದಿನೈದು ವರ್ಷಗಳಿಗೆ ಏನು ಉತ್ತರ ಸಿಗುತ್ತಿತ್ತು?

ಇದೇ ಅವಧಿಯಲ್ಲಿ ಮುಂಬಯಿ ಕರ್ನಾಟಕದ ಜನ ಒಂದು ಕಾಲೇಜಿಗಾಗಿ ಪಟ್ಟ ಪಾಡು ಬೇರೆ ಬಗೆಯದು. ಬಿ.ಎ. ಓದಬೇಕಾದ ಧಾರವಾಡದ ಹುಡುಗ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಊರೂರು ತಿರುಗಿ ವಂತಿಗೆ ಕೂಡಿಸಿದ ಮೇಲೆ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ರೈಲ್ವೆ ಕಂಪನಿಯ ಹಳೆಯ ಕಚೇರಿಯೇ ಅದರ ಕಟ್ಟಡವಾಯಿತು. ಹಿಂದಿನ ವರ್ಷ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಹಿತಕ್ಕೆ ಬರೆದಿಟ್ಟು ತೀರಿಕೊಂಡಿದ್ದರು. 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿತು. ಹಳೆಯ ದತ್ತಿಯ ರೂಪ ಇನ್ನೂ ಸತ್ತಿರಲಿಲ್ಲ. ಆದರೆ ಮೈಸೂರಿನ ಪ್ರಜೆಗೆ ಸರ್ಕಾರವೇ ಕೊಟ್ಟದ್ದನ್ನು ಧಾರವಾಡದ ಪ್ರಜೆ ಮೊದಲು ತನ್ನ ಕಿಸೆಯಿಂದ ಕೊಟ್ಟು ಆಮೇಲೆ ಸರ್ಕಾರದಿಂದ ಕೇಳಬೇಕಾಯಿತು. ಏಕೀಕರಣದ ಚರ್ಚೆಗಳಲ್ಲಿ ಉತ್ತರದವರ ಮಾತಿನಲ್ಲಿ ಕೇಳಿಬರುವ ನೋವಿಗೆ ಇಂಥ ಲೆಕ್ಕಗಳೂ ಕಾರಣ.

ಸ್ವಾತಂತ್ರ್ಯಾನಂತರದ ಬೆಳವಣಿಗೆಯನ್ನು ಬೇಗ ಹೇಳಿಬಿಡಬಹುದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು ಮತ್ತು ಗುಲಬರ್ಗಾ, 1987ರಲ್ಲಿ ಕುವೆಂಪು, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಸಂವಿಧಾನದಲ್ಲಿ ವಿದ್ಯಾಭ್ಯಾಸ ರಾಜ್ಯದ ಪಟ್ಟಿಯಲ್ಲಿತ್ತು. 1976ರ 42ನೆಯ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಮಾನದಂಡ ವಿಧಿಸುವ ಅಧಿಕಾರ ದೆಹಲಿಗೆ, ಸಂಬಳ ಕೊಡುವ ಹೊಣೆ ಹೆಚ್ಚಾಗಿ ಬೆಂಗಳೂರಿಗೆ. ವೇತನ ಪರಿಷ್ಕರಣೆಯನ್ನೇ ನೋಡಿ. ಆರನೆಯ ಆಯೋಗದ ಕಾಲದಲ್ಲಿ ಹೆಚ್ಚುವರಿ ವೆಚ್ಚದ ಶೇ. 80ರಷ್ಟನ್ನು ಕೇಂದ್ರ ಕೆಲವು ವರ್ಷ ಭರಿಸಿತು. ಏಳನೆಯದರಲ್ಲಿ ಆ ಪಾಲು ಶೇ. 50ಕ್ಕೆ ಇಳಿಯಿತು. ಅವಧಿ ಮುಗಿದ ಮೇಲೆ ಪೂರ್ತಿ ಹೊರೆ ರಾಜ್ಯದ್ದೇ. ಹೊಸ ಹುದ್ದೆ ತುಂಬಲು ರಾಜ್ಯದ ಹಣಕಾಸು ಇಲಾಖೆ ಹಿಂಜರಿಯುವುದರ ಹಿಂದಿನ ಗಣಿತ ಇದು. ನಾವು ಅಧ್ಯಾಪಕರು ಹಣಕಾಸು ಇಲಾಖೆಯನ್ನು ಬೈಯುವಾಗ ಈ ಗಣಿತವನ್ನು ಸಾಮಾನ್ಯವಾಗಿ ಮರೆತಿರುತ್ತೇವೆ. ಕೊಠಾರಿ ಆಯೋಗವು 1966ರಲ್ಲಿ ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6ರಷ್ಟು ಮೀಸಲಿಡಬೇಕೆಂದಿತ್ತು. ಅಲ್ಲಿಂದೀಚಿನ ಪ್ರತಿ ನೀತಿಯೂ ಆ ಆರನ್ನು ಭಕ್ತಿಯಿಂದ ಉಚ್ಚರಿಸುತ್ತ ಬಂದಿದೆ.

ಇನ್ನು ಪರೀಕ್ಷಾ ಶುಲ್ಕದ ಮಾತು. ರಾಜ್ಯದ ಅನುದಾನ ಬಹುಮಟ್ಟಿಗೆ ಸಂಬಳ, ಪಿಂಚಣಿಗಳಿಗೆ ಸರಿಹೋಗುತ್ತದೆ, ಎಷ್ಟೋ ಸಲ ಅದಕ್ಕೂ ಸಾಲುವುದಿಲ್ಲ. ಉಳಿದ ಖರ್ಚಿಗೆ ವಿಶ್ವವಿದ್ಯಾಲಯವು ತನ್ನ ಅಧೀನ ಕಾಲೇಜುಗಳ ಸಂಯೋಜನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ನಂಬಬೇಕು. 1857ರ ಮಾದರಿ ಇದು. ಹೀಗಿರುವಾಗ ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯನ್ನು ಕತ್ತರಿಸಿ ಹೊಸದನ್ನು ಮಾಡಿದರೆ ಏನಾಗುತ್ತದೆ? ಕಾಲೇಜುಗಳು ಹೊಸದಕ್ಕೆ ಹೋಗುತ್ತವೆ, ಅವುಗಳ ಶುಲ್ಕವೂ ಹೋಗುತ್ತದೆ. ನಿವೃತ್ತರ ಪಿಂಚಣಿ ಮಾತ್ರ ಹಳೆಯದರ ತಲೆಯ ಮೇಲೆ ಉಳಿಯುತ್ತದೆ. ಮಂಡ್ಯ, ಹಾಸನ, ಚಾಮರಾಜನಗರ ಜಿಲ್ಲೆಗಳು ಬೇರ್ಪಟ್ಟ ಮೇಲೆ ಶತಮಾನ ದಾಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಉಳಿದದ್ದು ಒಂದು ಜಿಲ್ಲೆಯ ಕಾಲೇಜುಗಳು. ಹೊಸದಕ್ಕಾದರೂ ಸುಖವಿದೆಯೇ? 2022–23ರ ಸುಮಾರಿಗೆ ಬೀದರ್, ಹಾವೇರಿ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರಗಳಲ್ಲಿ ಏಳು ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಲಾಯಿತು. ಇದ್ದ ಸ್ನಾತಕೋತ್ತರ ಕೇಂದ್ರಗಳಿಗೆ ಹೊಸ ಫಲಕ, ಒಬ್ಬ ಕುಲಪತಿ, ಅಲ್ಪ ಮೊತ್ತ. 2025ರ ಆರಂಭದಲ್ಲಿಯೇ ಇಂಥ ಹೊಸ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲನ್ನು ಮುಚ್ಚುವ ವಿಚಾರ ಸಂಪುಟ ಉಪಸಮಿತಿಯ ಮುಂದೆ ಬಂದಿತು. ತೆರೆದ ಸರ್ಕಾರ ಒಂದು ಪಕ್ಷದ್ದು, ಮುಚ್ಚಲು ಹೊರಟದ್ದು ಇನ್ನೊಂದರದ್ದು. ಯಾರು ಸರಿಯೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮೂಲವನ್ನು ಕೊಡದೆ ಹೆಸರನ್ನಷ್ಟೇ ಕೊಡುವ ಪದ್ಧತಿಗೆ ನಮ್ಮ ಶಾಸನಗಳಲ್ಲಿ ನಿದರ್ಶನ ಸಿಗುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಸಾಲೋಟಗಿಯವರು ದೀಪದೆಣ್ಣೆಯನ್ನೂ ಲೆಕ್ಕ ಹಾಕಿದ್ದರು.

ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಸ್ಥಿತಿಯನ್ನು ಒಳಗಿನವನಾಗಿ ಬಲ್ಲೆ. ನಾಡಿನಲ್ಲಿ ಇಂಥ ಕಾಲೇಜುಗಳು 400ಕ್ಕೂ ಹೆಚ್ಚಿವೆ. ಅವುಗಳ ಪಾಠದ ದೊಡ್ಡ ಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಅವರ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿದೆ. ‘ಅತಿಥಿ’ ಎಂಬ ಶಬ್ದ ಇಷ್ಟು ಅಪಮಾನಕರವಾಗಿ ಬೇರೆಲ್ಲಿಯೂ ಬಳಕೆಯಾದುದನ್ನು ನಾನು ಕಾಣೆ. ತಿಥಿ ನೋಡದೆ ಬಂದವನು ಅತಿಥಿ; ಇವರಾದರೋ ಪ್ರತಿವರ್ಷ ಅರ್ಜಿ ಹಾಕಿ, ಆದೇಶದ ದಿನಾಂಕವನ್ನೇ ಕಾಯುತ್ತ ಕುಳಿತವರು. ನನ್ನ ಪಕ್ಕದ ಕೋಣೆಯಲ್ಲಿ ಹಳಗನ್ನಡವನ್ನು ನನಗಿಂತ ಚೆನ್ನಾಗಿ ಪಾಠ ಮಾಡುವ ಒಬ್ಬರಿದ್ದಾರೆ. ನನಗೆ ಬೊಕ್ಕಸದಿಂದ ತಿಂಗಳ ಮೊದಲ ವಾರ ಸಂಬಳ ಬರುತ್ತದೆ. ಅವರಿಗೆ ರಜೆಯ ತಿಂಗಳುಗಳಲ್ಲಿ ಏನೂ ಬರುವುದಿಲ್ಲ. ಆಗ ಅವರು ಊರಿನಲ್ಲಿ ಅಣ್ಣನ ಅಂಗಡಿಯಲ್ಲಿ ಕೂರುತ್ತಾರೆ. ಪಂಪನನ್ನು ಓದಿಸಿದ ಬಾಯಲ್ಲಿ ಗೊಬ್ಬರದ ದರ ಹೇಳುವುದು ಕೀಳಲ್ಲ, ಆದರೆ ಜೂನ್ ಬಂದಾಗ ಮತ್ತೆ ತಾವು ಪಾಠಕ್ಕೆ ಬರುವೆವೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಹಿಂದಿನ ಘಟಿಕಾಸ್ಥಾನದ ಉಪಾಧ್ಯಾಯನಿಗೆ ಆ ಅನುಮಾನವಿರಲಿಲ್ಲ.

ಈ ಕಾಲೇಜುಗಳಲ್ಲಿ ಓದುವವರು ಯಾರು? ನಾಗಾವಿಯ ಶಾಸನದಲ್ಲಿ ಹೆಸರಿಲ್ಲದವರ ಮಕ್ಕಳು. ನನ್ನ ತರಗತಿಯಲ್ಲಿ ಮುಕ್ಕಾಲು ಪಾಲು ಹುಡುಗಿಯರು. ಹೆಚ್ಚಿನವರು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಪದವಿಗೆ ಬಂದವರು. 2018ರ ಬಜೆಟ್ಟಿನಲ್ಲಿ ಹೆಣ್ಣುಮಕ್ಕಳಿಗೆ ಪದವಿಯವರೆಗೆ ಉಚಿತ ಶಿಕ್ಷಣ ಘೋಷಿತವಾದಾಗ ಅದನ್ನು ಚುನಾವಣೆಯ ಗಿಮಿಕ್ ಎಂದವರಿದ್ದರು. ಆ ವರ್ಷ ಪಿಯುಸಿಯ ನಂತರ ಮದುವೆಗೆ ಒಪ್ಪಿಸಲ್ಪಟ್ಟಿದ್ದ ಒಬ್ಬಳು ತಂದೆಯನ್ನು ಕರೆದುಕೊಂಡು ಪ್ರವೇಶದ ಮೇಜಿಗೆ ಬಂದಳು. ‘ದುಡ್ಡಿಲ್ಲ ಅಂದ್ರೆ ಓದ್ಲಿ ಬಿಡ್ರಿ’ ಎಂದ ಆ ತಂದೆಯ ಮಾತಿನಲ್ಲಿ ಉದಾರತೆ ಇತ್ತೋ ಲೆಕ್ಕಾಚಾರವಿತ್ತೋ ತಿಳಿಯದು. ಅವಳು ಮೂರು ವರ್ಷ ಓದಿದಳು, ಇಂದು ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಳೆ. ಹತ್ತು ಶತಮಾನ ತೆರಿಗೆ ಕಟ್ಟಿದ ಮನೆತನವೊಂದಕ್ಕೆ ಬೊಕ್ಕಸ ಮರಳಿಸಿದ ಮೊದಲ ಕಂತು ಅದು. ಉನ್ನತ ಶಿಕ್ಷಣದ ವೆಚ್ಚವನ್ನು ‘ಸಬ್ಸಿಡಿ’ ಎಂದು ಕರೆಯುವವರಿಗೆ ನನ್ನ ಬಳಿ ಇರುವ ಉತ್ತರ ಇಷ್ಟೇ.

ಇನ್ನು ವಿದ್ಯಾರ್ಥಿಗಳ ನಗುವಿನ ಕಾರಣ. ನಮ್ಮ ಕಾಲೇಜಿನ ಗ್ರಂಥಪಾಲಕರು ನಿವೃತ್ತರಾಗಿ ಆರು ವರ್ಷಗಳಾದವು. ಹುದ್ದೆ ಮಂಜೂರಾಗಿದೆ, ತುಂಬಿಲ್ಲ. ಕೀಲಿಕೈ ದೈಹಿಕ ಶಿಕ್ಷಣದ ಅಧ್ಯಾಪಕರಲ್ಲಿದೆ. ಅವರು ಮೈದಾನದಲ್ಲಿರುವ ತನಕ ಗ್ರಂಥಾಲಯಕ್ಕೆ ಬೀಗ, ಮಳೆ ಬಂದ ದಿನ ಮಾತ್ರ ಬಾಗಿಲು ತೆರೆದಿರುತ್ತದೆ. ಎಪಿಗ್ರಾಫಿಯಾ ಕರ್ನಾಟಿಕದ ಎರಡು ಸಂಪುಟಗಳು ಒಳಗಿನ ಕಪಾಟಿನಲ್ಲಿವೆ. ಕಳೆದ ಜುಲೈನಲ್ಲಿ ಮಳೆ ಹಿಡಿದ ಒಂದು ಮಧ್ಯಾಹ್ನ ಅಂತಿಮ ವರ್ಷದ ನಾಲ್ವರು ಹುಡುಗಿಯರು ಆ ಸಂಪುಟಗಳನ್ನು ಇಳಿಸಿ, ಧೂಳು ಕೊಡವಿ, ತಮ್ಮ ಊರುಗಳ ಹೆಸರು ಹುಡುಕುತ್ತ ಕುಳಿತಿದ್ದರು. ನಾನು ಹೋದಾಗ ಒಬ್ಬಳಿಗೆ ತನ್ನ ಊರು ಸಿಕ್ಕಿತ್ತು.